ಬಳ್ಳಾರಿ ರಾಘವ

ಬಳ್ಳಾರಿ ರಾಘವ (ಆಗಸ್ಟ್ ೨, ೧೮೮೦ – ಏಪ್ರಿಲ್ ೧೬, ೧೯೪೬) ಬಳ್ಳಾರಿಯ ಪ್ರಸಿದ್ಧ ಕ್ರಿಮಿನಲ್ ವಕೀಲರು ಹಾಗೂ ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ರಂಗಭೂಮಿಗಳ ನಟರು. ಇವರ ಪೂರ್ಣ ಹೆಸರು ತಾಡಿಪತ್ರಿ ರಾಘವಾಚಾರ್ಯ. ನಟನೆಯ ಕೀರ್ತಿಯ ಮುಂದೆ ಇವರ ವಕೀಲಿ ವೃತ್ತಿ ಮಂಕಾಗಿದೆ. ಜೀವನಚಿತ್ರಣಗಳಲ್ಲಿ ಅದಕ್ಕೆ ಒಂದೆರಡು ವಾಕ್ಯಗಳಷ್ಟೇ ದೊರೆಯುತ್ತವೆ. ಆದರೆ ಇವರ ಜೀವನೋಪಾಯ ಆ ವೃತ್ತಿಯೇ ಆಗಿತ್ತು. ರಂಗಭೂಮಿಯಲ್ಲಿ ಇವರು ಕೊನೆಯವರೆಗೂ ಹವ್ಯಾಸಿಯಾಗಿಯೇ ಉಳಿದರು.

ಹಿನ್ನೆಲೆ

ರಾಘವಾಚಾರ್ಯರು ಹುಟ್ಟಿದ್ದು ಇಂದಿನ ಆಂಧ್ರಪ್ರದೇಶದ ತಾಡಿಪತ್ರಿಯಲ್ಲಿ. ಬಳ್ಳಾರಿಯಲ್ಲಿ ಶಾಲಾ ವಿದ್ಯಾಭ್ಯಾಸ ಮುಗಿಸಿ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ ಪಡೆದು, ೧೯೦೫ರಲ್ಲಿ ಮದ್ರಾಸಿನಲ್ಲೇ ಕಾನೂನು ಪದವೀಧರರಾದರು. ಇವರ ಸೋದರಮಾವ, ನಾಟಕಕಾರ ಧರ್ಮಾವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯಲ್ಲಿ ವಕೀಲರಾಗಿದ್ದರು. ಅದೇ ಊರಿನ ಇನ್ನೊಬ್ಬ ಹೆಸರಾಂತ ನಾಟಕಕಾರ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರೇ. ಹೀಗೆ ಅಂದಿನ ಬಳ್ಳಾರಿಯಲ್ಲಿ ಕೋರ್ಟಿಗೂ ರಂಗಮಂಚಕ್ಕೂ ನಡುವಿನ ದಾರಿ ಬಹಳ ಹತ್ತಿರದ್ದಾಗಿತ್ತು.

ವಕೀಲಿ ವೃತ್ತಿ

ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಸಿರುಗುಪ್ಪ ಸೀಮೆಯಲ್ಲಿ, ಹಗರಿ ನದಿಯ ದಂಡೆಯ ರಾರಾವಿಯಂತಹ ಹಳ್ಳಿಯಲ್ಲಿ ಕೊಲೆ ನಡೆದರೆ ಅದರ ವಿಚಾರಣೆ ಜಿಲ್ಲೆಯ ಸೆಷನ್ಸ್ ನ್ಯಾಯಾಲಯದಲ್ಲಿ ನಡೆಯುತ್ತಿತ್ತು. ಸಾಕ್ಷಿಗಳು ಕನ್ನಡದಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ನುಡಿಯುವರು. ತೀರ್ಪು ಹೊರಡುವುದು ಇಂಗ್ಲಿಷಿನಲ್ಲಿ. ೧೮೯೮ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ, ಜ್ಯೂರಿ ಇಲ್ಲದ ಕಡೆ ನ್ಯಾಯಾಧೀಶರ ಜೊತೆ ಅಸೆಸರುಗಳೆಂಬ ಸ್ಥಳೀಯ ಗೃಹಸ್ಥರು ಕುಳಿತು ಅಭಿಪ್ರಾಯ ಹೇಳುತ್ತಿದ್ದರು. ಆ ಅಭಿಪ್ರಾಯಕ್ಕೆ ನ್ಯಾಯಾಧೀಶರು ಬದ್ಧರಾಗಿರಲಿಲ್ಲ. ಮರಣದಂಡನೆ ವಿಧಿಸಿದರೆ ಅದನ್ನು ಮದ್ರಾಸ್ ಹೈಕೋರ್ಟು ದೃಢಪಡಿಸಬೇಕಿತ್ತು.

ಆರೋಪಿಯ ಪರ ವಕೀಲರ ಹೊಣೆ ಎಷ್ಟು ಭಾರವಾಗಿತ್ತೆಂಬುದನ್ನು ತಿಳಿಯಲು ಇನ್ನೊಂದು ನಿಯಮವನ್ನು ಗಮನಿಸಬೇಕು. ೧೯೫೫ರ ತಿದ್ದುಪಡಿಯವರೆಗೆ ಆರೋಪಿಯು ಪ್ರಮಾಣ ಸ್ವೀಕರಿಸಿ ತನ್ನ ಪರವಾಗಿ ತಾನೇ ಸಾಕ್ಷ್ಯ ನುಡಿಯುವಂತಿರಲಿಲ್ಲ. ನ್ಯಾಯಾಧೀಶರ ಪ್ರಶ್ನೆಗಳಿಗೆ ಪ್ರಮಾಣವಿಲ್ಲದೆ ಹೇಳಿಕೆ ಕೊಡಬಹುದಿತ್ತು, ಅಷ್ಟೆ. ಆದ್ದರಿಂದ ಪ್ರಾಣ ಉಳಿಯುವುದೂ ಹೋಗುವುದೂ ಬಹುಮಟ್ಟಿಗೆ ಪಾಟೀಸವಾಲನ್ನು ಅವಲಂಬಿಸಿತ್ತು. ಎದುರಿಗಿರುವವನ ದನಿಯ ಏರಿಳಿತವನ್ನೂ ಮುಖಭಾವವನ್ನೂ ಅಳೆಯಬಲ್ಲ ನಟನಿಗೆ ಈ ಕೆಲಸ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಮುಂದೆ ಸರ್ಕಾರವು ರಾಘವಾಚಾರ್ಯರನ್ನು ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿ ನೇಮಿಸಿತು. ರಾವ್ ಬಹದ್ದೂರ್ ಬಿರುದೂ ದೊರೆಯಿತು. ಕ್ರಿಮಿನಲ್ ವಕೀಲಿಯಿಂದ ಇವರು ಸಾಕಷ್ಟು ಸಂಪಾದಿಸಿದರು. ನಟನೆಯನ್ನು ಹೊಟ್ಟೆಪಾಡಿಗೆ ನೆಚ್ಚಬೇಕಾದ ಕಂಪನಿ ನಟರಿಗೆ ಇಲ್ಲದ ಸ್ವಾತಂತ್ರ್ಯ ಇವರಿಗೆ ದೊರೆತದ್ದು ಈ ಸಂಪಾದನೆಯಿಂದಲೇ ಎನ್ನಬಹುದು.

ರಂಗಭೂಮಿ

ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್ ಕ್ಲಬ್ ಸ್ಥಾಪಿಸಿದರು. ಬೆಂಗಳೂರಿನ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ನಿನ ನಾಟಕಗಳಲ್ಲಿಯೂ ಅಭಿನಯಿಸಿದರು. ಕೋಲಾಚಲಂ ಅವರ ನಾಟಕದ ಪಠಾಣ ರುಸ್ತುಮನ ಪಾತ್ರ ಇವರಿಗೆ ಹೆಸರು ತಂದಿತು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ವಾದಿಸಿ, ಅಂದಿನ ಸಮಾಜದ ವಿರೋಧವಿದ್ದರೂ ಅದನ್ನು ಕಾರ್ಯರೂಪಕ್ಕೆ ತಂದರು. ೧೯೨೭ರಲ್ಲಿ ಯುರೋಪ್ ಪ್ರವಾಸ ಕೈಗೊಂಡು ಜಾರ್ಜ್ ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು. 'ದ್ರೌಪದಿ ಮಾನಸಂರಕ್ಷಣಂ' (೧೯೩೬), 'ರೈತು ಬಿಡ್ಡ' (೧೯೩೯) ಮೊದಲಾದ ತೆಲುಗು ಚಿತ್ರಗಳಲ್ಲಿ ನಟಿಸಿದ್ದಾರೆ.

ಸ್ಮರಣೆ

ಇವರು ತೀರಿಕೊಂಡ ಏಳು ವರ್ಷಗಳ ನಂತರ, ೧೯೫೩ರ ಅಕ್ಟೋಬರ್ ೧ರಂದು ಜಿಲ್ಲೆ ಹೋಳಾಯಿತು. ಬಳ್ಳಾರಿ, ಸಿರುಗುಪ್ಪಗಳು ಮೈಸೂರು ರಾಜ್ಯಕ್ಕೂ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದವು. ೧೯೮೧ರಲ್ಲಿ ಭಾರತೀಯ ಅಂಚೆ ಇಲಾಖೆ ಇವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಬಳ್ಳಾರಿ ನಗರದ ರಾಘವ ಕಲಾಮಂದಿರದಲ್ಲಿ ಕನ್ನಡ, ತೆಲುಗು ಎರಡೂ ಭಾಷೆಗಳ ನಾಟಕಗಳು ನಡೆಯುತ್ತ ಬಂದಿವೆ.