ಮಧುಗಿರಿ ಸೀಮೆಯಲ್ಲಿ ಊರು, ಕೇರಿ ಮತ್ತು ಹಟ್ಟಿ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯ ಇಲಾಖೆಯ ಲೆಕ್ಕದಲ್ಲಿ ಒಂದು ಉಪವಿಭಾಗ; ವಿದ್ಯಾ ಇಲಾಖೆಯವರೂ ಇವನ್ನು ಒಟ್ಟುಗೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆಯುತ್ತಾರೆ. ನಿಡುಗಲ್ಲಿನ ಚೋಳರು, ಶಿರೆಯ ಮೊಗಲ್ ಸುಬೇದಾರರು, ಮಧುಗಿರಿಯ ಪಾಳೆಯಗಾರರು ಮೊದಲಾದವರ ವಿಷಯವಾಗಿ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಈ ಸೀಮೆಯ ಪ್ರತಿಯೊಂದು ಗ್ರಾಮದಲ್ಲಿಯೂ ಊರಿಗೂ ಕೇರಿಗೂ ನಡುವೆ ಎಳೆದಿದ್ದ ಒಂದು ಗೆರೆಯುಂಟು. ಅರಸರು ಅಳಿದರು, ಕೋಟೆಗಳು ಪಾಳುಬಿದ್ದವು. ಆ ಗೆರೆ ಮಾತ್ರ ಬಹುಕಾಲ ಉಳಿಯಿತು. ಅದು ಹೇಗೆ ಉಳಿಯಿತು, ಕಾನೂನು ಅದನ್ನು ಎಷ್ಟರ ಮಟ್ಟಿಗೆ ಅಳಿಸಿತು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆಧಾರಗಳ ಮಾತು. ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನಸಂಪುಟವನ್ನು ತೆರೆದರೆ ದಾನಕೊಟ್ಟವರ, ಕೆರೆ ಕಟ್ಟಿಸಿದವರ, ತುರುಗಾಳಗದಲ್ಲಿ ಮಡಿದ ವೀರರ ಹೆಸರುಗಳು ಕಾಣುತ್ತವೆ. ಕೇರಿಯವರ ಸುದ್ದಿ ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಟಿಪ್ಪುವಿನ ಪತನಾನಂತರ, ೧೮೦೦ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಬೆಳೆ, ಮಣ್ಣು, ಕಸುಬುಗಳ ಜೊತೆಗೆ ಜನರ ಕುಲಗಳನ್ನೂ ಬರೆದಿಟ್ಟನು. ಅವನ ಬರವಣಿಗೆಯಿಂದ ಬಲಗೈ ಎಡಗೈ ಪಣಗಳ ಭೇದ ಆ ಕಾಲಕ್ಕೆ ಎಷ್ಟು ಬಲವಾಗಿತ್ತೆಂಬುದು ತಿಳಿಯುತ್ತದೆ. ಹೊಲೆಯರು ಬಲಗೈಗೆ, ಮಾದಿಗರು ಎಡಗೈಗೆ ಸೇರಿದವರು. ಊರು ಈ ಇಬ್ಬರನ್ನೂ ಹೊರಗಿಟ್ಟಿತ್ತು. ಹೊರಗಿದ್ದ ಈ ಇಬ್ಬರ ನಡುವೆಯೂ ಮತ್ತೊಂದು ಗೆರೆಯಿತ್ತು.

ಈ ವ್ಯವಸ್ಥೆಯ ವೈಪರೀತ್ಯವನ್ನು ತೋರಿಸಲು ಎರಡು ನಿದರ್ಶನಗಳು ಸಾಕು. ಗ್ರಾಮದ ಎಲ್ಲೆಕಟ್ಟಿನ ವಿಷಯದಲ್ಲಿ ವ್ಯಾಜ್ಯ ಬಂದರೆ ಹೊಲೆಯ ಕುಲದ ಕುಳವಾಡಿಯ ಮಾತೇ ಪ್ರಮಾಣವಾಗಿತ್ತು. ಅವನು ತಲೆಯ ಮೇಲೆ ಮಣ್ಣನ್ನು ಹೊತ್ತು ನಡೆದ ದಾರಿಯೇ ಊರಿನ ಎಲ್ಲೆ. ಹೀಗೆ ಊರಿನ ಎಲ್ಲೆಯನ್ನು ಬಲ್ಲವನು ಊರಿನೊಳಗೆ ವಾಸಮಾಡುವಂತಿರಲಿಲ್ಲ. ಎರಡನೆಯದು ಬಾವಿಯ ವಿಚಾರ. ಮಳೆ ಕಡಮೆಯಾದ ಈ ಸೀಮೆಯಲ್ಲಿ ತೋಟಗದ್ದೆಗಳಿಗೆ ನೀರೆತ್ತುತ್ತಿದ್ದುದು ಕಪಿಲೆಯಿಂದ. ಕಪಿಲೆಯ ತೊಗಲಚೀಲವನ್ನು ಹದಮಾಡಿ ಹೊಲಿದುಕೊಡುತ್ತಿದ್ದವನು ಮಾದಿಗ. ಅವನು ಹೊಲಿದ ಚೀಲ ಬಾವಿಗೆ ಇಳಿಯಬಹುದು. ಅವನ ಕೊಡ ಮಾತ್ರ ಊರ ಬಾವಿಗೆ ಇಳಿಯಕೂಡದು! ಗ್ರಾಮದೇವತೆಯ ಜಾತ್ರೆ ಅವನ ತಮಟೆಯಿಲ್ಲದೆ ಸಾಗದು. ಗುಡಿಯ ಹೊಸಲು ಮಾತ್ರ ಅವನಿಗೆ ದೂರ.

ಇಲ್ಲಿ ಅಮೆರಿಕದ ಸಂಗತಿಯನ್ನು ಹೋಲಿಸಿ ನೋಡುವುದು ಉಪಯುಕ್ತ. ಈ ಹೋಲಿಕೆ ಹೊಸದಲ್ಲ. ಜ್ಯೋತಿಬಾ ಫುಲೆಯವರು ೧೮೭೩ರಲ್ಲಿ ತಮ್ಮ 'ಗುಲಾಮಗಿರಿ' ಗ್ರಂಥವನ್ನು ನೀಗ್ರೋ ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ೧೯೧೩ರಿಂದ ೧೯೧೬ರವರೆಗೆ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಓದಿದ ಡಾ. ಅಂಬೇಡ್ಕರ್ ಅವರು ೧೯೪೬ರಲ್ಲಿ ಅಲ್ಲಿಯ ಕರಿಯರ ನಾಯಕರಾದ ಡುಬಾಯ್ಸ್ ಅವರಿಗೆ ಪತ್ರ ಬರೆದು ಎರಡು ಜನಗಳ ಸ್ಥಿತಿಯಲ್ಲಿರುವ ಸಾಮ್ಯವನ್ನು ತಿಳಿಸಿದರು. ಆದರೆ ಸಾಮ್ಯದ ಜೊತೆಗೆ ಒಂದು ವ್ಯತ್ಯಾಸವೂ ಉಂಟು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ರೈಲುಗಾಡಿ ಎಂಬುದನ್ನು ಶಾಸನಸಭೆಗಳೇ ವಿಧಿಸಿದ್ದವು. ೧೮೯೬ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಶಾಲೆಗಳ ವಿಷಯದಲ್ಲಿ ೧೯೫೪ರ ತೀರ್ಪೂ, ಸಾರ್ವಜನಿಕ ಸ್ಥಳಗಳ ವಿಷಯದಲ್ಲಿ ೧೯೬೪ರ ಕಾಯಿದೆಯೂ ಬಂದ ಮೇಲೆ ಕಾನೂನಿನ ಆ ಗೋಡೆ ಬಿದ್ದಿತು. ಕಾನೂನು ಕಟ್ಟಿದ್ದನ್ನು ಕಾನೂನು ಕೆಡವಿತು. ಮನಸ್ಸಿನ ಗೋಡೆಯ ಕಥೆ ಅಲ್ಲಿಯೂ ಮುಂದುವರಿಯಿತು. ನಮ್ಮ ಮಧುಗಿರಿ ಸೀಮೆಯಲ್ಲಾದರೋ ಊರಿಗೂ ಕೇರಿಗೂ ನಡುವಣ ಗೆರೆಯನ್ನು ಯಾವ ಶಾಸನಸಭೆಯೂ ಎಳೆದಿರಲಿಲ್ಲ. ಅದನ್ನು ಎಳೆದದ್ದು ರೂಢಿ. ದಿನದಿನವೂ ಕಾಯುತ್ತಿದ್ದವರು ನೆರೆಹೊರೆಯವರು.

ಆದಕಾರಣವೇ ಮೈಸೂರು ಸಂಸ್ಥಾನದ ಸುಧಾರಣೆಗಳು ಒಳ್ಳೆಯವಾದರೂ ನಿಧಾನವಾಗಿ ಫಲಿಸಿದವು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಸರ್ಕಾರವು ಪಂಚಮರ ಮಕ್ಕಳನ್ನು ಸಾರ್ವಜನಿಕ ಶಾಲೆಗಳಲ್ಲಿ ಸೇರಿಸಿಕೊಳ್ಳಬೇಕೆಂದು ನಿರ್ಧರಿಸಿದಾಗ ಮೇಲುಜಾತಿಗಳವರಿಂದ ವಿರೋಧ ಬಂದಿತು. ೧೯೨೦ರ ದಶಕದಲ್ಲಿ 'ಆದಿಕರ್ನಾಟಕ', 'ಆದಿದ್ರಾವಿಡ' ಎಂಬ ಗೌರವದ ಹೆಸರುಗಳು ಸರ್ಕಾರಿ ದಾಖಲೆಗಳಲ್ಲಿ ಬಂದವು. ೧೯೩೪ರ ಜನವರಿಯಲ್ಲಿ ಗಾಂಧೀಜಿಯವರು ತಮ್ಮ ಹರಿಜನ ಪ್ರವಾಸದಲ್ಲಿ ಸಂಸ್ಥಾನಕ್ಕೆ ಬಂದರು. ಸಾರ್ವಜನಿಕ ಅನರ್ಹತೆಗಳನ್ನು ತೊಡೆದುಹಾಕುವ ಕಾಯಿದೆ ೧೯೪೩ರಲ್ಲಿಯೂ, ದೇವಾಲಯ ಪ್ರವೇಶದ ಕಾಯಿದೆ ೧೯೪೮ರಲ್ಲಿಯೂ ಜಾರಿಗೆ ಬಂದವು. ಸಂವಿಧಾನದ ೧೭ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದುಮಾಡಿತು. ೧೯೫೫ರ ಕಾಯಿದೆ ಅದರ ಆಚರಣೆಯನ್ನು ದಂಡನಾರ್ಹ ಅಪರಾಧವನ್ನಾಗಿಸಿತು. ೧೯೬೧ರಲ್ಲಿ ಗ್ರಾಮಾಧಿಕಾರಗಳ ರದ್ಧತಿಯ ಕಾಯಿದೆ ಬಂದು ತೋಟಿ ತಳವಾರಿಕೆಗಳು ವಂಶಪಾರಂಪರ್ಯದ ಕಟ್ಟಿನಿಂದ ಬಿಡುಗಡೆ ಹೊಂದಿದವು. ಗೆರೆಯನ್ನು ಉಳಿಸುವುದಕ್ಕೆ ಕಾನೂನಿನಲ್ಲಿ ಎಡೆಯೇ ಇರಲಿಲ್ಲ.

ರಾಜಕೀಯದಲ್ಲಿಯೂ ಬದಲಾವಣೆ ಸಣ್ಣದಲ್ಲ. ದಲಿತ ಸಮುದಾಯದ ಡಾ. ಜಿ. ಪರಮೇಶ್ವರ್ ಅವರು ೧೯೮೯ರಲ್ಲಿ ಮಧುಗಿರಿಯಿಂದ, ೨೦೦೮ರಲ್ಲಿ ಕೊರಟಗೆರೆಯಿಂದ ವಿಧಾನಸಭೆಗೆ ಆಯ್ಕೆಯಾಗಿ, ೨೦೧೮ರಲ್ಲಿ ರಾಜ್ಯದ ಉಪಮುಖ್ಯಮಂತ್ರಿಗಳಾದರು. ೧೯೭೦ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಕೇರಿಯ ಯುವಕರಿಗೆ ಧ್ವನಿ ಕೊಟ್ಟಿತು. ೧೯೭೯ರಲ್ಲಿ ರೂಪುಗೊಂಡ ಬಂಡಾಯ ಸಾಹಿತ್ಯ ಸಂಘಟನೆಯ ಪ್ರಮುಖರಲ್ಲಿ ಒಬ್ಬರಾದ ಬರಗೂರು ರಾಮಚಂದ್ರಪ್ಪನವರು ಶಿರಾ ತಾಲ್ಲೂಕಿನ ಬರಗೂರಿನವರೇ.

ಹೀಗಿದ್ದೂ ೨೦೧೯ರ ಸೆಪ್ಟೆಂಬರಿನಲ್ಲಿ ನಡೆದ ಒಂದು ಸಂಗತಿ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಶಿರಾ ಮತ್ತು ಪಾವಗಡ ವಿಧಾನಸಭಾ ಕ್ಷೇತ್ರಗಳು ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಆ ಕ್ಷೇತ್ರದಿಂದ ಅದೇ ವರ್ಷ ಚುನಾಯಿತರಾಗಿದ್ದ ಎ. ನಾರಾಯಣಸ್ವಾಮಿಯವರು ಜನರ ಅನುಕೂಲಕ್ಕಾಗಿ ಕೆಲವು ಕೆಲಸಗಳನ್ನು ಕೈಗೊಳ್ಳುವ ಸಲುವಾಗಿ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದರು. ಅವರು ದಲಿತರೆಂಬ ಕಾರಣದಿಂದ ಹಟ್ಟಿಯವರು ಒಳಗೆ ಬರಗೊಡಲಿಲ್ಲ. ಅವರು ಬಲವಂತಮಾಡದೆ ಹಿಂತಿರುಗಿದರು. ಅವರು ಹೋಗಿದ್ದುದು ಲೋಕಸಭಾ ಸದಸ್ಯರಾಗಿ. ಹಟ್ಟಿಯ ಬಾಗಿಲಲ್ಲಿ ಅವರನ್ನು ಅಳೆದದ್ದು ಹುಟ್ಟಿನಿಂದ.

ತಡೆದವರು ಯಾರು ಎಂಬುದನ್ನು ವಾಚಕರು ಗಮನಿಸಬೇಕು. ಅವರು ಭೂಮಾಲೀಕರಲ್ಲ, ಪಂಡಿತರಲ್ಲ. ಕಾಡುಗೊಲ್ಲರು ಕುರಿ ದನಗಳನ್ನು ಮೇಯಿಸಿಕೊಂಡು ಬಂದವರು. ಜುಂಜಪ್ಪ, ಎತ್ತಪ್ಪ ಮೊದಲಾದ ವೀರರನ್ನು ದೈವಗಳೆಂದು ಹಾಡಿ ಪೂಜಿಸುವವರು. ಊರಿನಿಂದ ದೂರ, ಬೇಲಿ ಕಟ್ಟಿದ ಹಟ್ಟಿಗಳಲ್ಲಿ ಬಾಳಿದವರು. ಅವರ ಹಟ್ಟಿಗಳಲ್ಲಿ ಅನೇಕವು ಕಂದಾಯ ದಾಖಲೆಯಲ್ಲಿ ಗ್ರಾಮಗಳೆಂದೇ ಎಣಿಸಲ್ಪಟ್ಟಿರಲಿಲ್ಲ. ಆ ದಿಕ್ಕಿನಲ್ಲಿ ಕಾಯಿದೆಯ ತಿದ್ದುಪಡಿ ಆದದ್ದು ಈಚೆಗೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ತಮ್ಮನ್ನು ಸೇರಿಸಬೇಕೆಂದು ಅವರು ಬಹುಕಾಲ ಕೇಳಿಕೊಂಡು ಬಂದವರು. ಅವರು ಕಾಯುವ ಮಡಿಯ ಭಾರ ಮೊದಲು ಬೀಳುವುದು ಅವರ ಹೆಣ್ಣುಮಕ್ಕಳ ಮೇಲೆಯೇ. ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಪೂರ್ಣವಾಗಿ ಅಳಿದಿಲ್ಲ. ೨೦೨೩ರಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹೀಗೆ ಹೊರಗಿರಿಸಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಹೀಗೆ ಒಬ್ಬ ದಲಿತನನ್ನು ತಡೆದ ಬೇಲಿಯೇ ಹಟ್ಟಿಯ ಕೂಸನ್ನೂ ತಾಯಿಯನ್ನೂ ಹೊರಗಿರಿಸಿತು. ದ್ವೇಷಕ್ಕಿಂತ ಹೆಚ್ಚಾಗಿ, ದೈವ ಮುನಿದೀತೆಂಬ ಭಯ ಆ ಬೇಲಿಯನ್ನು ಕಾಯುತ್ತದೆ. ಭಯವೆಂದು ತಿಳಿಯುವುದರಿಂದ ತಪ್ಪು ಕಡಮೆಯಾಗುವುದಿಲ್ಲ. ಮದ್ದು ಯಾವುದೆಂಬುದು ಮಾತ್ರ ತಿಳಿಯುತ್ತದೆ. ಪಾವಗಡದ ಆ ಹಟ್ಟಿಗೆ ಅದೇ ಲೋಕಸಭಾ ಸದಸ್ಯರನ್ನು ಮುಂದೆ ಬರಮಾಡಿಕೊಂಡರೆಂಬುದನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ರೂಢಿ ಕಲ್ಲಿನಂತೆ ಕಂಡರೂ ಕಲ್ಲಲ್ಲ.

ಕೊನೆಗೆ ನಮ್ಮ ವಿಷಯ. ಈ ಸೀಮೆಯಲ್ಲಿ ಕ್ಷೇತ್ರಕಾರ್ಯ ಮಾಡುವಾಗ ನಾವು ಊರಿಗೆ ಹೋದೊಡನೆ ಮೊದಲು ಹುಡುಕುತ್ತಿದ್ದುದು ಹಿಂದೆ ಶಾನುಭೋಗಿಕೆ, ಪಟೇಲಿಕೆ ನಡೆಸಿದ ಮನೆಗಳನ್ನು. ಅಲ್ಲಿಯ ಜಗುಲಿಯಲ್ಲಿ ಕುಳಿತು, ಅಲ್ಲಿಯ ನೀರು ಕುಡಿದು, ಊರಿನ ಚರಿತ್ರೆಯನ್ನು ಬರೆದುಕೊಂಡೆವು. ಕೇರಿಗೆ ಹೋಗುವ ವೇಳೆಗೆ ಹೊತ್ತು ಇಳಿದಿರುತ್ತಿತ್ತು. ಅಲ್ಲಿ ನಿಂತೇ ಮಾತನಾಡಿ ಬಂದೆವು. ನಮ್ಮ ಟಿಪ್ಪಣಿ ಪುಸ್ತಕಗಳನ್ನು ಮರಳಿ ಓದಿದಾಗ ಊರಿಗೆ ಹಲವು ಹಾಳೆ, ಕೇರಿಗೆ ಕೆಲವು ಸಾಲು. ಊರು ಎಳೆದ ಗೆರೆಯನ್ನೇ ನಾವೂ ನಮ್ಮ ಪುಸ್ತಕದಲ್ಲಿ ಎಳೆದಿದ್ದೆವು. ಯಾರೂ ನಮಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಹಟ್ಟಿಯವರಿಗೆ ದೈವಭಯವೆಂಬ ಒಂದು ನೆಪವಾದರೂ ಇತ್ತು. ನಮಗೆ ಅದೂ ಇರಲಿಲ್ಲ.

ಇದರಿಂದ ನಾವು ತೆಗೆಯುವ ನಿರ್ಣಯ ಇಷ್ಟೆ. ಕಾನೂನು ಅತ್ಯಗತ್ಯ, ಅದಿಲ್ಲದಿದ್ದರೆ ನೊಂದವನಿಗೆ ನಿಲ್ಲಲು ನೆಲವೇ ಇಲ್ಲ. ಆದರೆ ರೂಢಿ ಎಳೆದ ಗೆರೆಯನ್ನು ದಿನವೂ ಹೊಸದಾಗಿ ಎಳೆಯುವವರು ನಾವೇ ಆದುದರಿಂದ, ಅಳಿಸುವ ಕೆಲಸವೂ ಮನೆಯ ಹೊಸಲಿನಲ್ಲಿ, ಬಾವಿಯ ಕಟ್ಟೆಯಲ್ಲಿ, ಶಾಲೆಯ ಊಟದ ಪಂಕ್ತಿಯಲ್ಲಿ ಆಗಬೇಕಾಗಿದೆ. ಚರಿತ್ರೆಯನ್ನು ಬರೆಯುವವರ ಪಾಲಿಗೆ ಆ ಕೆಲಸ ಟಿಪ್ಪಣಿ ಪುಸ್ತಕದಲ್ಲಿ ಮೊದಲಾಗುತ್ತದೆ. ಮುಂದಿನ ಕ್ಷೇತ್ರಕಾರ್ಯವನ್ನು ನಾವು ಕೇರಿಯಿಂದ ಆರಂಭಿಸಬೇಕೆಂದಿದ್ದೇವೆ. ಅಲ್ಲಿಯೇ ಕುಳಿತು, ಅಲ್ಲಿಯೇ ನೀರು ಕುಡಿದು. ಊರಿನ ಎಲ್ಲೆ ಎಲ್ಲಿದೆಯೆಂಬುದನ್ನು ಬಲ್ಲವರು ಹಿಂದಿನಿಂದಲೂ ಅಲ್ಲಿಯವರೇ ಅಲ್ಲವೇ?