ಹಂಡೆ ನೀರು ಮತ್ತು ಮಿದುಳಿನ ನಕ್ಷೆ

ಮಿದುಳಿನ ಚರಿತ್ರೆ ಬರೆಯೋರು ಸಾಮಾನ್ಯವಾಗಿ ಪ್ಯಾರಿಸ್ಸಿನಿಂದ ಶುರು ಮಾಡ್ತಾರೆ. ನಾನು ಬಚ್ಚಲುಮನೆಯಿಂದ ಶುರು ಮಾಡ್ತೀನಿ. ಆ ಚರಿತ್ರೆಯಲ್ಲಿ ನಮ್ಮ ಹಳೇ ಮೈಸೂರು ಸೀಮೆಗೂ ಒಂದು ಪುಟ ಇದೆ, ಅದು ಸಿಕ್ಕಿದ್ದು ಬಚ್ಚಲುಮನೆಯಿಂದಲೇ.

ನಮ್ಮ ಹಳೇಕೋಟೆ ಕಡೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಿ ನೋಡಿದರೂ ಮೈಗೆ ನೀರು ಹಾಕಿಕೊಳ್ಳುವುದು ಬೇರೆ, ತಲೆಗೆ ಹಾಕಿಕೊಳ್ಳುವುದು ಬೇರೆ. ತಲೆಸ್ನಾನ ದಿನಾ ಇಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ ಎಣ್ಣೆ ಒತ್ತಿ, ಸೀಗೆಪುಡಿ ಹಾಕಿ ಉಜ್ಜಿ, ಹಂಡೆಯಲ್ಲಿ ಕುದಿಯುತ್ತಿರುವ ನೀರನ್ನು ಸ್ವಲ್ಪ ಬೆರೆಸಿಕೊಂಡು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯುವುದು. ನೀರು ಸುಡುತ್ತಿದ್ದರೇನೇ ಅದು ಸ್ನಾನ!

ಹೀಗೆ ಸುರಿದುಕೊಳ್ಳುತ್ತಿರುವಾಗ ಕೆಲವರಿಗೆ ಏನೋ ಆಗುತ್ತದೆ. ಕಣ್ಣು ಒಂದು ಕಡೆ ನೆಟ್ಟುಬಿಡುತ್ತದೆ, ಮಾತು ತಡವರಿಸುತ್ತದೆ, ಕರೆದರೆ ಓಗೊಡುವುದಿಲ್ಲ. ಕೆಲವರು ಬಿದ್ದು ಒದ್ದಾಡುತ್ತಾರೆ. ಅದಕ್ಕೆ ಹಳ್ಳಿಗಳಲ್ಲಿ ಗಾಳಿ ಅಂದರು, ಸೋಂಕು ಅಂದರು. ತಾಯಿತ ಕಟ್ಟಿಸಿದರು, ಕೈಗೆ ಕಬ್ಬಿಣ ಹಿಡಿಸಿದರು. ಮನೆಯಲ್ಲಿ ಮದುವೆ ವಯಸ್ಸಿನ ಮಗಳಿದ್ದರಂತೂ ವಿಷಯ ಬಚ್ಚಲ ಬಾಗಿಲು ದಾಟಿ ಹೊರಗೆ ಬರುತ್ತಿರಲಿಲ್ಲ.

ವೈದ್ಯ ಸಾಹಿತ್ಯದಲ್ಲಿ ಇದು ಮೊದಲು ವರದಿಯಾದದ್ದು 1945ರಲ್ಲಿ, ದೂರದ ನ್ಯೂಜಿಲೆಂಡಿನಿಂದ. ಒಬ್ಬ ಹುಡುಗನ ಕೇಸು. ಅದನ್ನು ಓದಿದವರು ಅಪರೂಪದ ವಿಚಿತ್ರ ಅಂದುಕೊಂಡಿರಬೇಕು. ಆದರೆ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಅವರ ಮುಂದೆ ಇಂಥವರು ಒಬ್ಬರಾದ ಮೇಲೆ ಒಬ್ಬರು ಬಂದು ಕೂತರು. 1968ರಲ್ಲಿ ಅವರು ಈ ಬಗ್ಗೆ ಬರೆದರು. 1972ರ ಲೇಖನದಲ್ಲಿ 60 ಜನ, 1974ರದ್ದರಲ್ಲಿ 108 ಜನ. ಆಮೇಲೆ 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ಜನರ ವಿವರ ಪ್ರಕಟಿಸಿದರು. ಜಗತ್ತಿಗೆ ಅಪರೂಪವಾದದ್ದು ದಕ್ಷಿಣ ಕರ್ನಾಟಕದಲ್ಲಿ ಮನೆಮಾತು! ಇವತ್ತು ಇದನ್ನು ಬಿಸಿನೀರಿನ ಅಪಸ್ಮಾರ ಅಂತಾರೆ. ಇಲ್ಲಿ ಬಿಟ್ಟರೆ ಇದು ಹೆಚ್ಚು ವರದಿಯಾಗಿರುವುದು ಟರ್ಕಿಯಿಂದ.

ಸರಿ, ಬಿಸಿನೀರಿಗೂ ಮಿದುಳಿಗೂ ಏನು ಸಂಬಂಧ? ಇಲ್ಲಿ ಪ್ಯಾರಿಸ್ಸಿಗೆ ಒಂದು ಸಣ್ಣ ಪ್ರಯಾಣ ಮಾಡಲೇಬೇಕು. 1861ರಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯ, "ತಾನ್" ಅನ್ನುವುದು ಬಿಟ್ಟು ಬೇರೇನೂ ಹೇಳಲಾರದ ರೋಗಿಯೊಬ್ಬ ಸತ್ತ ಮೇಲೆ ಅವನ ಮಿದುಳು ನೋಡಿದ. ಎಡ ಮುಂಭಾಗದಲ್ಲಿ ಒಂದು ಜಾಗ ಹಾಳಾಗಿತ್ತು. ಮಾತಿಗೆ ಮಿದುಳಲ್ಲಿ ಒಂದು ಜಾಗ ಇದೆ ಅಂತ ಜನ ನಂಬತೊಡಗಿದ್ದು ಆವಾಗ. ಲಂಡನ್ನಿನ ಹ್ಯೂಲಿಂಗ್ಸ್ ಜಾಕ್ಸನ್ ಇನ್ನೊಂದು ದಾರಿ ಹಿಡಿದ. ಮೂರ್ಛೆ ಬಂದಾಗ ಅದುರುವಿಕೆ ಹೆಬ್ಬೆರಳಿನಿಂದ ಕೈಗೆ, ಕೈಯಿಂದ ಮುಖಕ್ಕೆ ಮೆರವಣಿಗೆಯ ಹಾಗೆ ಹೋಗುವುದನ್ನು ಕೂತು ನೋಡಿದ. ಹಾಗಾದರೆ ಮಿದುಳಿನೊಳಗೂ ಈ ಅಂಗಗಳು ಅಕ್ಕಪಕ್ಕದ ಮನೆಗಳ ಹಾಗೆ ಇರಬೇಕು ಅಂದ. 1870ರಲ್ಲಿ ಬರ್ಲಿನ್ನಿನ ಫ್ರಿಚ್ ಮತ್ತು ಹಿಟ್ಜಿಗ್ ನಾಯಿಯ ಮಿದುಳಿಗೆ ವಿದ್ಯುತ್ ಮುಟ್ಟಿಸಿದಾಗ ಎದುರು ಬದಿಯ ಕಾಲು ಆಡಿತು. ಜಾಕ್ಸನ್ ಹೇಳಿದ್ದು ನಿಜವಾಯಿತು. ಅಂದರೆ ಮಿದುಳಿನ ನಕ್ಷೆ ಬರೆದವರಲ್ಲಿ ಅರ್ಧ ಪಾಲು ಮೂರ್ಛೆ ರೋಗಿಗಳದ್ದು.

ಈಗ ಮತ್ತೆ ಬಚ್ಚಲಿಗೆ ಬನ್ನಿ. ಒಂದು ತಲೆಸ್ನಾನಕ್ಕೆ ಮಿದುಳಿನ ಎಷ್ಟು ಇಲಾಖೆಗಳು ಕೆಲಸ ಮಾಡಬೇಕು ನೋಡಿ. ಚೊಂಬು ಎತ್ತುವ ಕೈಗೆ ಅಪ್ಪಣೆ ಹೋಗುವುದು ಮುಂಭಾಗದ ಹಾಲೆಯ ಹಿಂದಿನ ಅಂಚಿನಿಂದ. ಎತ್ತಿದ್ದು ನೆತ್ತಿಯ ಮೇಲೇ ಬೀಳಬೇಕು, ಮಣೆಯ ಮೇಲೆ ಕೂತ ಮೈ ವಾಲಬಾರದು. ಅದರ ಉಸ್ತುವಾರಿ ಹಿಂದೆ ಕೆಳಗಿರುವ ಕಿರುಮಿದುಳಿನದ್ದು. ನೀರು ಚರ್ಮಕ್ಕೆ ತಾಗಿದ ಸುದ್ದಿ ನಟ್ಟನಡುವಿನ ಥಲಮಸ್ ಹಾದು ನೆತ್ತಿಯ ಕೆಳಗಿನ ಹಾಲೆಗೆ ತಲುಪುತ್ತದೆ. ಮೈಯ ಕಾವು ಏರಿತೇ ಇಳಿಯಿತೇ ಅಂತ ಕಾಯುವುದು ಹೈಪೊಥಲಮಸ್, ಗಾತ್ರದಲ್ಲಿ ಪುಟಾಣಿ. ಉಸಿರಾಟ, ಎದೆಬಡಿತ ಮಿದುಳಕಾಂಡದ ಪಾಲು. ಸೀಗೆಯ ವಾಸನೆ ಮೂಗಿಗೆ ಹೊಡೆದು ಊರಿನ ನೆನಪಾಯಿತೇ? ಅದು ಕಿವಿಯ ಪಕ್ಕದ ಟೆಂಪೊರಲ್ ಹಾಲೆಯ ಒಳಮಗ್ಗುಲಿನ ಕೆಲಸ. ಹಿಪೊಕ್ಯಾಂಪಸ್ ಇರುವುದು ಅಲ್ಲೇ.

ಬಿಸಿನೀರಿನ ಅಪಸ್ಮಾರದಲ್ಲಿ ಕೆಡುವುದು ಈ ಕೊನೆಯ ಮೊಹಲ್ಲಾ. ದಾಳಿ ನಡೆಯುವಾಗ ಮಿದುಳಿನ ರಕ್ತಸಂಚಾರದ ಚಿತ್ರ ತೆಗೆದಾಗ ಟೆಂಪೊರಲ್ ಹಾಲೆಯ ಒಳಭಾಗದಲ್ಲಿ ಮತ್ತು ಹೈಪೊಥಲಮಸ್ಸಿನಲ್ಲಿ ರಕ್ತದ ಹರಿವು ಏರಿದ್ದು ಕಂಡಿತು. ಅದಕ್ಕೇ ಎಷ್ಟೋ ಜನ ಬೀಳುವುದಿಲ್ಲ, ಸುಮ್ಮನೆ ಮಂಕಾಗುತ್ತಾರೆ. ಕೆಲವರಿಗೆ ಎಂಥದೋ ಸುಖ ಅನ್ನಿಸಿ, ನಿಲ್ಲಿಸದೆ ಇನ್ನೂ ಸುರಿದುಕೊಳ್ಳುತ್ತಲೇ ಹೋಗುತ್ತಾರಂತೆ. ಮನೆಯವರು ಮೊಂಡುತನ ಅಂದುಕೊಳ್ಳುವುದೂ ಇದನ್ನೇ.

40ರಿಂದ 50 ಡಿಗ್ರಿ ಸೆಲ್ಸಿಯಸ್ ಕಾವಿನ ನೀರನ್ನು ತಲೆಗೆ ಬೇಗಬೇಗ ಸುರಿದುಕೊಂಡಾಗ ಇದು ಬರುವುದು. ಮಕ್ಕಳಲ್ಲಿ, ಅದರಲ್ಲೂ ಗಂಡುಹುಡುಗರಲ್ಲಿ ಹೆಚ್ಚು. ನಿಮ್ಹಾನ್ಸ್‌ನಲ್ಲಿ ಇಲಿಗಳ ಮೇಲೂ ಬಿಸಿನೀರು ಹಾಕಿ ನೋಡಿದರು. 1996ರಲ್ಲಿ ಆ ಕೆಲಸ ಪ್ರಕಟವಾಯಿತು. ಮತ್ತೆ ಮತ್ತೆ ಕಾವು ತಗುಲಿದರೆ ಮಿದುಳು ಒಲೆಗೆ ಒಡ್ಡಿದ ಪುರಲೆಯ ಹಾಗೆ ಬೇಗ ಹೊತ್ತಿಕೊಳ್ಳುವುದನ್ನು ಕಲಿತುಬಿಡುತ್ತದೆ ಅಂತ ಊಹೆ. ಆದರೆ ಹಂಡೆ ಎಲ್ಲರ ಮನೆಯಲ್ಲೂ ಇದೆ, ಮೂರ್ಛೆ ಎಲ್ಲರಿಗೂ ಬರುವುದಿಲ್ಲವಲ್ಲ? ಕೆಲವು ಕುಟುಂಬಗಳಲ್ಲಿ ಇದು ವಂಶದಲ್ಲಿ ಹರಿದು ಬರುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಇಂಥ ಕುಟುಂಬಗಳನ್ನು ಅಭ್ಯಾಸ ಮಾಡಿ, 10 ಮತ್ತು 4ನೇ ವರ್ಣತಂತುಗಳ ಮೇಲೆ ಇದಕ್ಕೆ ಸಂಬಂಧಪಟ್ಟ ತಾಣಗಳನ್ನು ಗುರುತಿಸಿದರು. ಮೈಯಲ್ಲಿ ಮೊದಲೇ ಕಿಡಿ ಇದ್ದವರಿಗೆ ಹಂಡೆ ನೀರು ಸೌದೆ ಒಟ್ಟುತ್ತದೆ, ಅಷ್ಟೆ.

ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಎಷ್ಟೋ ಜನಕ್ಕೆ ಇದರ ಪರಿಹಾರ ಒಂದು ಚೊಂಬು ತಣ್ಣೀರು! ಉಗುರುಬೆಚ್ಚಗಿನ ನೀರು ಹಾಕಿಕೊಂಡರೆ ಬಹಳ ಮಂದಿಗೆ ದಾಳಿ ಬರುವುದೇ ನಿಲ್ಲುತ್ತದೆ. ಅದೂ ಸಾಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ನುಂಗುವ ಮಾತ್ರೆ ಇದೆ, ಅದನ್ನು ಡಾಕ್ಟರೇ ಬರೆದುಕೊಡಬೇಕು. ಬಿಸಿನೀರಿಲ್ಲದೆಯೂ ಮೂರ್ಛೆ ಬರುತ್ತಿದ್ದರೆ ದಿನಾ ಔಷಧ ಬೇಕಾಗುತ್ತದೆ. ಇಷ್ಟು ಸರಳವಾದದ್ದಕ್ಕೆ ತಲೆಮಾರುಗಟ್ಟಲೆ ಗಾಳಿ ಬಿಡಿಸಿದ್ದೇವೆ, ಹೆಣ್ಣುಮಕ್ಕಳನ್ನು ತವರಿಗೆ ವಾಪಸ್ ಕಳಿಸಿದ್ದೇವೆ. ಕಾನೂನು ಕೂಡ ಕಡಿಮೆ ಇರಲಿಲ್ಲ. ಮೂರ್ಛೆ ಇದ್ದವರ ಮದುವೆಗೆ ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಅಡ್ಡಿ ತೆಗೆದುಹಾಕಿದ್ದು 1999ರಲ್ಲಿ. ಕಾಯ್ದೆಯಿಂದ ಹೋದದ್ದು ಮನಸ್ಸಿನಿಂದ ಹೋಗಿದೆಯೇ, ನೀವೇ ಹೇಳಿ.

ಅದಕ್ಕೇ ಒಂದು ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ತಲೆಗೆ ನೀರು ಹಾಕಿಕೊಳ್ಳುವಾಗ ಮಂಕಾದರೆ ನೀರು ಹಾಕುವುದು ನಿಲ್ಲಿಸಿ, ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ತುರುಕಬೇಡಿ, ಕೈಗೆ ಬೀಗದ ಕೈ ಕೊಡುವುದೂ ಬೇಡ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ದಾಳಿ ನಿಂತರೂ ಒಮ್ಮೆ ನರರೋಗ ತಜ್ಞರಿಗೆ ತೋರಿಸಿ, ಸ್ನಾನ ಮಾಡುವಾಗ ಆಯಿತು ಅನ್ನುವುದನ್ನು ಮುಚ್ಚಿಡದೆ ಹೇಳಿ. ಅಲ್ಲಿಯವರೆಗೆ ಬಚ್ಚಲ ಚಿಲಕ ಹಾಕಿಕೊಳ್ಳದಿರಲಿ, ಹಂಡೆ ಒಲೆಯ ಉರಿಯೂ ಒಂದಿಷ್ಟು ಕಡಿಮೆ ಇರಲಿ.