ಮೊದಲ ಕಾದಂಬರಿಯ ತೊಡಕುಗಳು: ನಾಲ್ವರು ದಾರಿ ಕಂಡುಕೊಂಡ ಬಗೆ

ಮೊದಲ ಕಾದಂಬರಿ ಬರೆಯಹೊರಟವರನ್ನು ಕಾಡುವುದು ಸ್ಫೂರ್ತಿಯ ಕೊರತೆ ಎಂಬ ನಂಬಿಕೆ ಸಾಮಾನ್ಯ. ಆದರೆ ಹೆಸರಾಂತ ಲೇಖಕರ ಆರಂಭದ ದಿನಗಳನ್ನು ಗಮನಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ಕಥೆ ಎಲ್ಲಿ ನಡೆಯಬೇಕು, ಅದನ್ನು ಯಾರು ಹೇಳಬೇಕು, ಬರೆದದ್ದರಲ್ಲಿ ಎಷ್ಟನ್ನು ಕೈಬಿಡಬೇಕು ಎಂಬ ಪ್ರಶ್ನೆಗಳೇ ಅವರನ್ನು ಹೆಚ್ಚಾಗಿ ಕಾಡಿವೆ.

ಮೈಸೂರಿನ ಆರ್.ಕೆ. ನಾರಾಯಣ್ ಅವರಿಗೆ ಮೊದಲ ಪ್ರಶ್ನೆಗೆ ಬೇಗನೆ ಉತ್ತರ ಸಿಕ್ಕಿತು. 1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ಬರೆಯಲು ಕುಳಿತಾಗ ಅವರಿಗೆ ಹೊಳೆದದ್ದು ಮಾಲ್ಗುಡಿ ಎಂಬ ರೈಲು ನಿಲ್ದಾಣ. ನಕ್ಷೆಯಲ್ಲಿಲ್ಲದ ಊರಾದ್ದರಿಂದ ಬೀದಿ, ನದಿ, ಶಾಲೆಗಳನ್ನು ಬೇಕಾದಂತೆ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಲಭಿಸಿತು. ಪ್ರಕಾಶಕರು ಮಾತ್ರ ಒಲಿಯಲಿಲ್ಲ. ಬೇಸತ್ತ ನಾರಾಯಣ್, ಹಸ್ತಪ್ರತಿಯನ್ನು ಥೇಮ್ಸ್ ನದಿಗೆ ಎಸೆದುಬಿಡುವಂತೆ ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯನಿಗೆ ತಿಳಿಸಿದರು. ಗೆಳೆಯ ಅದನ್ನು ಗ್ರಹಾಂ ಗ್ರೀನ್ ಅವರ ಕೈಗಿತ್ತರು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾಯಿತು.

ಹಾಸನದಲ್ಲಿ ಜನಿಸಿದ, ಕನ್ನಡ ಮನೆಮಾತಿನ ರಾಜಾ ರಾವ್ ಅವರ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ‘ಜಯಕರ್ನಾಟಕ’ ಪತ್ರಿಕೆಗೆ ಕನ್ನಡದಲ್ಲಿ ಬರೆದಿದ್ದ ಅವರು, ಕಾದಂಬರಿಗೆ ಇಂಗ್ಲಿಷನ್ನು ಆರಿಸಿಕೊಂಡರು. ಗಾಂಧಿ ಚಳವಳಿ ತಲುಪಿದ ಹಳ್ಳಿಯೊಂದರ ಜನರ ಮಾತಿನ ಓಟವನ್ನು ಪರಭಾಷೆಯಲ್ಲಿ ಹಿಡಿಯುವುದು ಹೇಗೆ? ಅಚ್ಚಕ್ಕ ಎಂಬ ಅಜ್ಜಿಯನ್ನೇ ಅವರು ನಿರೂಪಕಿಯನ್ನಾಗಿಸಿ, ಇಡೀ ಕಥೆಯನ್ನು ಸ್ಥಳಪುರಾಣದಂತೆ ಹೇಳಿಸಿದರು. ಹೀಗೆ ‘ಕಾಂತಾಪುರ’ದ (1938) ಉದ್ದುದ್ದ ವಾಕ್ಯಗಳು ಜಗಲಿಯ ಮೇಲೆ ಕುಳಿತು ಹೇಳುವ ಮಾತಿನಂತೆ ಹರಿದವು. ಆ ಕಾದಂಬರಿಯ ಪುಟ್ಟ ಮುನ್ನುಡಿಯನ್ನು ಹೊಸ ಲೇಖಕರು ಓದಲೇಬೇಕು; ತೊಡಕನ್ನು ಅಷ್ಟು ನೇರವಾಗಿ ಎದುರಿಸಿದ ಮುನ್ನುಡಿಗಳು ವಿರಳ.

ಯು.ಆರ್. ಅನಂತಮೂರ್ತಿಯವರಿಗೆ ‘ಸಂಸ್ಕಾರ’ (1965) ದಕ್ಕಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ. ಇಂಗ್ಮಾರ್ ಬರ್ಗ್‌ಮನ್‌ರ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಉಪಶೀರ್ಷಿಕೆಗಳಿಲ್ಲದೆ ನೋಡಿದ್ದು ಹಾಗೂ ಆ ಬಳಿಕ ಮಾಲ್ಕಂ ಬ್ರಾಡ್ಬರಿ ಅವರೊಡನೆ ನಡೆದ ಮಾತುಕತೆಯನ್ನು ಅವರು ಹಲವು ಬಾರಿ ಸ್ಮರಿಸಿದ್ದಾರೆ. ಯುರೋಪಿನವರು ಓದಿ ಕಲ್ಪಿಸಿಕೊಳ್ಳಬೇಕಾದ ಮಧ್ಯಯುಗ ತಮ್ಮ ಅಗ್ರಹಾರದಲ್ಲಿ ಜೀವಂತವಾಗಿದೆ ಎಂಬ ಅರಿವು, ದೂರದಲ್ಲಿದ್ದುದರಿಂದಲೇ ಮೂಡಿತು. ಪ್ಲೇಗು ಎರಡು ಕೃತಿಗಳಲ್ಲೂ ಇದೆಯೆಂಬುದು ಗಮನಾರ್ಹ.

ಕೈಬಿಡುವ ಕಷ್ಟಕ್ಕೆ ನೈಜೀರಿಯಾದ ಚಿನುವಾ ಅಚೆಬೆ ಅವರಿಗಿಂತ ಉತ್ತಮ ನಿದರ್ಶನ ಸಿಗಲಾರದು. ಒಂದೇ ಕುಟುಂಬದ ಮೂರು ತಲೆಮಾರುಗಳ ಕಥೆಯನ್ನು ಒಂದೇ ಕಾದಂಬರಿಯಲ್ಲಿ ಹೇಳಲು ಅವರು ಹೊರಟಿದ್ದರು. ಬರೆದಾದ ಮೇಲೆ ಕಥೆ ತೆಳುವಾಗಿದೆ ಎನ್ನಿಸಿತು. ಅವರು ಉಳಿದೆರಡು ಭಾಗಗಳನ್ನು ಪಕ್ಕಕ್ಕಿರಿಸಿ, ಒಕೊಂಕ್ವೊನ ಕಥೆಯನ್ನಷ್ಟೇ ವಿಸ್ತರಿಸಿ ತಿದ್ದಿದರು.

ಅಷ್ಟಕ್ಕೇ ಸಂಕಷ್ಟ ಮುಗಿಯಲಿಲ್ಲ. ತಮ್ಮಲ್ಲಿದ್ದ ಏಕೈಕ ಕೈಬರಹದ ಪ್ರತಿಯನ್ನು ಅವರು ಬೆರಳಚ್ಚು ಮಾಡಿಸಲು ಲಂಡನ್ನಿನ ಸಂಸ್ಥೆಯೊಂದಕ್ಕೆ ಅಂಚೆಯಲ್ಲಿ ಕಳುಹಿಸಿದರು. 22 ಪೌಂಡ್ ಶುಲ್ಕವನ್ನೂ ತೆತ್ತರು. ತಿಂಗಳುಗಟ್ಟಲೆ ಉತ್ತರವಿಲ್ಲ. ಬಾನುಲಿ ಸಂಸ್ಥೆಯಲ್ಲಿ ಅವರ ಮೇಲಧಿಕಾರಿಯಾಗಿದ್ದ ಆ್ಯಂಜೆಲಾ ಬೀಟಿ ರಜೆಯಲ್ಲಿ ಲಂಡನ್ನಿಗೆ ಹೋದಾಗ ಖುದ್ದಾಗಿ ವಿಚಾರಿಸಿದ ಬಳಿಕವೇ ಕೆಲಸ ನಡೆಯಿತು. ಪ್ರತಿ ಕಳೆದುಹೋಗಿದ್ದರೆ ಬಹುಶಃ ಬರವಣಿಗೆಯನ್ನೇ ಬಿಡುತ್ತಿದ್ದೆ ಎಂಬರ್ಥದ ಮಾತನ್ನು ಅಚೆಬೆ ಮುಂದೆ ಆಡಿದ್ದುಂಟು.

1958ರಲ್ಲಿ ಹೈನ್‌ಮನ್ ಸಂಸ್ಥೆ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ 2,000 ಪ್ರತಿಗಳನ್ನು ಮುದ್ರಿಸಿತು. ಒಕೊಂಕ್ವೊನ ಮೊಮ್ಮಗ ಒಬಿಯ ಕಥೆ 1960ರಲ್ಲಿ ‘ನೋ ಲಾಂಗರ್ ಅಟ್ ಈಸ್’ ಆಗಿ ಹೊರಬಂತು. ನಡುವಿನ ತಲೆಮಾರಿನ, ಅಂದರೆ ಕ್ರೈಸ್ತ ಧರ್ಮಕ್ಕೆ ಸೇರಿದ ಮಗನ ಕಾದಂಬರಿಯನ್ನು 2013ರಲ್ಲಿ ನಿಧನರಾಗುವವರೆಗೂ ಅಚೆಬೆ ಪ್ರಕಟಿಸಲಿಲ್ಲ.